ಮಕ್ಕಳ ಬುದ್ಧಿಯೂ ಪ್ರತಿಭೆಯೂ

ನಮ್ಮ ಪಾಠಶಾಲೆಗಳಲ್ಲಿ ಬುದ್ಧಿವಂತನೆಂಬ ಮಾತಿಗೆ ಒಂದು ನಿಶ್ಚಿತವಾದ ಅರ್ಥವು ಬಹುಕಾಲದಿಂದ ರೂಢಿಯಾಗಿರುವುದು. ಉಪಾಧ್ಯಾಯರು ಕೇಳಿದ ಪ್ರಶ್ನೆಗೆ ತಡೆಯಿಲ್ಲದೆ ಉತ್ತರ ಹೇಳುವವನು, ಲೆಕ್ಕವನ್ನು ತಪ್ಪಿಲ್ಲದೆ ಮಾಡುವವನು, ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗುವವನು ಬುದ್ಧಿವಂತನು. ಅವನ ಪಕ್ಕದ ಮಣೆಯಲ್ಲಿ ಕುಳಿತು ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುವ, ಯಾರಿಗೂ ತೋರದ ಪ್ರಶ್ನೆಯೊಂದನ್ನು ಕೇಳಿ ತರಗತಿಯನ್ನೆಲ್ಲ ನಗಿಸುವ, ಕಥೆ ಹೇಳೆಂದರೆ ಪುಸ್ತಕದಲ್ಲಿಲ್ಲದ ಮುಕ್ತಾಯವನ್ನು ಹೇಳುವ ಮಗುವಿಗೆ ಬೇರೊಂದು ಬಿರುದು ಕಾದಿರುತ್ತದೆ. ಅದು ಚುರುಕೇ ಸರಿ, ಆದರೆ ಓದಿನಲ್ಲಿ ಲಕ್ಷ್ಯವಿಲ್ಲ ಎಂದು ನಾವು ನಿರ್ಣಯಿಸಿಬಿಡುತ್ತೇವೆ.

ಈ ಎರಡು ಮಕ್ಕಳಲ್ಲಿ ಕಾಣುವುದು ಒಂದೇ ಶಕ್ತಿಯ ಹೆಚ್ಚುಕಡಮೆಯೋ, ಅಥವಾ ಎರಡು ಬೇರೆಬೇರೆ ಶಕ್ತಿಗಳೋ? ಪ್ರಶ್ನೆಯು ಕೇವಲ ಶಾಸ್ತ್ರಜ್ಞರ ಕುತೂಹಲಕ್ಕೆ ಸೇರಿದ್ದಲ್ಲ. ವಿದ್ಯಾರ್ಥಿವೇತನವು ಯಾರಿಗೆ ಸಲ್ಲಬೇಕು, ಮೇಲಿನ ತರಗತಿಗೆ ಯಾರು ಹೋಗಬೇಕು, ಯಾರ ಓದು ನಿಲ್ಲಬೇಕು ಎಂಬ ತೀರ್ಪುಗಳೆಲ್ಲವೂ ಇದಕ್ಕೆ ನಾವು ಕೊಡುವ ಉತ್ತರವನ್ನು ಅವಲಂಬಿಸಿರುವುವು. ಈ ಪ್ರಶ್ನೆಯನ್ನು ವಿದ್ವಾಂಸರು ಹೇಗೆ ಕೇಳಿದರು, ಉತ್ತರವು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತು ಎಂಬ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಮೌನವಾಗಿದ್ದವರಲ್ಲ. ಅವರು ವಿಚಾರಮಾಡಿದ್ದು ಪಾಠಶಾಲೆಯ ಹುಡುಗರನ್ನು ಕುರಿತಲ್ಲ, ಕವಿಗಳನ್ನು ಕುರಿತು. ಆದರೂ ಅವರು ಎಳೆದ ಗೆರೆಗಳು ಗಮನಾರ್ಹವಾಗಿವೆ. ಅಭಿನವಗುಪ್ತನ ಗುರುವಾದ ಭಟ್ಟತೌತನು ಸ್ಮೃತಿ, ಮತಿ, ಬುದ್ಧಿ, ಪ್ರಜ್ಞೆ ಎಂದು ಮನಸ್ಸಿನ ಶಕ್ತಿಗಳನ್ನು ವಿಂಗಡಿಸಿ, ಎಡೆಬಿಡದೆ ಹೊಸದನ್ನು ಹೊಳೆಯಿಸುವ ಪ್ರಜ್ಞೆಗೆ ಪ್ರತಿಭೆಯೆಂಬ ಹೆಸರನ್ನು ಕೊಟ್ಟನು. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಶಿಷ್ಯರನ್ನು ಸಹಜವಾದ ಬುದ್ಧಿಯುಳ್ಳವರು, ಅಭ್ಯಾಸದಿಂದ ಬುದ್ಧಿಯನ್ನು ಸಂಪಾದಿಸಿಕೊಳ್ಳುವವರು, ದುರ್ಬುದ್ಧಿಗಳು ಎಂದು ವಿಂಗಡಿಸಿದನು. ಪ್ರತಿಭೆಯಲ್ಲಿಯೂ ನಿರ್ಮಿಸುವ ಪ್ರತಿಭೆ ಬೇರೆ, ನಿರ್ಮಿಸಿದ್ದನ್ನು ಗ್ರಹಿಸಿ ಆಸ್ವಾದಿಸುವ ಪ್ರತಿಭೆ ಬೇರೆ ಎಂದನು. ನಮ್ಮ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡ ನಾಡಿನ ಜನರು ವಿಧಿವತ್ತಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಕೊಂಡಾಡಿತು. ಓದು ಒಂದು, ನಿರ್ಮಾಣಶಕ್ತಿ ಇನ್ನೊಂದು ಎಂಬ ತಿಳಿವಳಿಕೆಯು ಆ ಹೊಗಳಿಕೆಯಲ್ಲಿಯೇ ಅಡಗಿರುವುದು. ಆದರೆ ಈ ಶಕ್ತಿಗಳನ್ನು ಅಳೆಯಬಹುದೆಂಬ ಯೋಚನೆ ಅವರಿಗೆ ಬರಲಿಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಹುಟ್ಟಿದ ಯೋಚನೆ.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ನನು 1869ರಲ್ಲಿ ಪ್ರತಿಭೆಯು ವಂಶಪಾರಂಪರ್ಯವಾಗಿ ಬರುವುದೆಂಬ ವಾದವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. 1884ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಜನರ ದೃಷ್ಟಿ, ಶ್ರವಣ, ಹಿಡಿತದ ಬಲ ಮೊದಲಾದುವನ್ನು ಅಳೆಯುವ ಶಾಲೆಯೊಂದನ್ನು ತೆರೆದನು. ಇಂದ್ರಿಯಗಳ ಸೂಕ್ಷ್ಮತೆಯನ್ನು ಅಳೆದರೆ ಮನಸ್ಸಿನ ಶಕ್ತಿಯು ತಿಳಿದುಬರುವುದೆಂಬ ಅವನ ನಂಬಿಕೆಯು ಫಲಿಸಲಿಲ್ಲ. ಫಲಿಸಿದ ಉಪಾಯವನ್ನು ಕಂಡುಹಿಡಿದವನು ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ.

ಬಿನೆಯ ಉದ್ದೇಶವು ಬಹು ಸರಳವಾದದ್ದು. ಸಾಮಾನ್ಯ ಪಾಠಕ್ರಮದಿಂದ ಪ್ರಯೋಜನ ಹೊಂದಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಬಗೆಯ ಶಿಕ್ಷಣವನ್ನು ಒದಗಿಸಬೇಕೆಂದು ಫ್ರೆಂಚ್ ಸರ್ಕಾರದ ವಿದ್ಯಾಭ್ಯಾಸದ ಮಂತ್ರಿಯು 1904ರಲ್ಲಿ ಒಂದು ಸಮಿತಿಯನ್ನು ನೇಮಿಸಿದನು. ಅದರ ಫಲವಾಗಿ ಬಿನೆಯೂ ಅವನ ಸಹೋದ್ಯೋಗಿಯಾದ ತಿಯೊಡೋರ್ ಸಿಮೊನನೂ 1905ರಲ್ಲಿ ಮೂವತ್ತು ಪ್ರಶ್ನೆಗಳ ಮಾನದಂಡವೊಂದನ್ನು ಪ್ರಕಟಿಸಿದರು. 1908ರಲ್ಲಿಯೂ 1911ರಲ್ಲಿಯೂ ಅದನ್ನು ತಿದ್ದಿದರು. ಈ ಬಿನೆಯೇ ಹಿಂದೆ ಮಕ್ಕಳ ಕಲ್ಪನಾಶಕ್ತಿಯನ್ನು ಪರೀಕ್ಷಿಸಲು ಕಾಗದದ ಮೇಲಿನ ಮಸಿಯ ಕಲೆಗಳನ್ನು ತೋರಿಸಿ, ಇದರಲ್ಲಿ ಏನು ಕಾಣುತ್ತದೆ ಎಂದು ಕೇಳುವ ವಿಧಾನವನ್ನು ಸೂಚಿಸಿದ್ದನು. ಅವನ ಮಾನದಂಡದಲ್ಲಿಯೂ ಕೊಟ್ಟ ಮೂರು ಪದಗಳನ್ನು ಸೇರಿಸಿ ವಾಕ್ಯ ರಚಿಸುವುದು, ಮೂರು ನಿಮಿಷಗಳಲ್ಲಿ ಅರುವತ್ತಕ್ಕೆ ಮೇಲ್ಪಟ್ಟು ಪದಗಳನ್ನು ಹೇಳುವುದು ಮುಂತಾದ, ಒಂದೇ ಸರಿಯುತ್ತರವಿಲ್ಲದ ಪ್ರಶ್ನೆಗಳು ಇದ್ದುವು. ಬುದ್ಧಿಯು ಹುಟ್ಟಿನಿಂದ ಗೊತ್ತಾದ, ಬೆಳೆಯಲಾರದ ಪರಿಮಾಣವೆಂಬ ಮತವನ್ನು ಅವನು 1909ರ ತನ್ನ ಗ್ರಂಥದಲ್ಲಿ ಕಟುವಾಗಿ ಖಂಡಿಸಿದನು. ಹಿಂದುಳಿದ ಮಕ್ಕಳ ಅವಧಾನವನ್ನು ಬೆಳೆಸಲು ಗೊಂಬೆಯಂತೆ ಅಲುಗದೆ ನಿಲ್ಲುವ ಆಟವೇ ಮೊದಲಾದ ಅಭ್ಯಾಸಗಳನ್ನು ಏರ್ಪಡಿಸಿದನು. 1911ರಲ್ಲಿ ಅವನು ತೀರಿಕೊಂಡನು. ಅವನ ಮಾನದಂಡವು ಉಳಿಯಿತು. ಅವನ ಎಚ್ಚರಿಕೆಯು ಅಷ್ಟಾಗಿ ಉಳಿಯಲಿಲ್ಲ.

ಮರುವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಗುವಿನ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದನು. ಅಮೆರಿಕಾ ದೇಶದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ 1916ರಲ್ಲಿ ಬಿನೆಯ ಮಾನದಂಡವನ್ನು ಪರಿಷ್ಕರಿಸಿ, ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬುದ್ಧಿಸೂಚಿಯೆಂಬ ಅಂಕವನ್ನು ಪ್ರಚಾರಕ್ಕೆ ತಂದನು. ಇದರ ಮೇಲೆ ಮಗುವಿನ ಮನಸ್ಸು ಒಂದು ಸಂಖ್ಯೆಯಾಯಿತು. 1921ರಲ್ಲಿ ಟರ್ಮನ್ ಕ್ಯಾಲಿಫೋರ್ನಿಯಾ ಪ್ರಾಂತದ ಪಾಠಶಾಲೆಗಳಿಂದ ಅತ್ಯುನ್ನತವಾದ ಬುದ್ಧಿಸೂಚಿಯುಳ್ಳ ಸುಮಾರು 1500 ಮಕ್ಕಳನ್ನು ಆರಿಸಿ ಜೀವಮಾನವೆಲ್ಲ ಅವರನ್ನು ಪರಿಶೀಲಿಸುವ ಕಾರ್ಯವನ್ನು ಕೈಕೊಂಡನು. ಆರಿಸಿದ ಕ್ರಮವು ವಿಚಾರಾರ್ಹವಾಗಿದೆ. ತರಗತಿಯಲ್ಲಿ ಅತ್ಯಂತ ಬುದ್ಧಿವಂತರಾರು, ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರಾರು ಎಂದು ಮೊದಲು ಉಪಾಧ್ಯಾಯರನ್ನೇ ಕೇಳಿ, ಮುಖ್ಯವಾಗಿ ಅವರು ಹೆಸರಿಸಿದ ಮಕ್ಕಳನ್ನು ಪರೀಕ್ಷೆಗೆ ಒಳಪಡಿಸಿದರು. ಉಪಾಧ್ಯಾಯರ ಕಣ್ಣಿಗೆ ಬೀಳದ ಮಗುವಿಗೆ ಪರೀಕ್ಷೆಯ ಬಾಗಿಲು ತೆರೆಯುವ ಸಂಭವವೇ ಕಡಮೆಯಾಗಿದ್ದಿತು.

ಟರ್ಮನ್ನನ ಮಕ್ಕಳಲ್ಲಿ ಬಹುಮಂದಿ ಆರೋಗ್ಯವಂತರೂ ವಿದ್ಯಾವಂತರೂ ಆಗಿ ಒಳ್ಳೆಯ ಪದವಿಗಳಿಗೆ ಏರಿದರು. ಬುದ್ಧಿವಂತರಾದ ಮಕ್ಕಳು ದುರ್ಬಲರೂ ಅಲ್ಪಾಯುಗಳೂ ಆಗುವರೆಂಬ ಮೂಢನಂಬಿಕೆಯನ್ನು ಆ ಪರಿಶೀಲನೆಯು ಹೋಗಲಾಡಿಸಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅವರಲ್ಲಿ ಯಾರೊಬ್ಬರಿಗೂ ನೊಬೆಲ್ ಬಹುಮಾನವು ದೊರೆಯಲಿಲ್ಲ. ಅದೇ ಪ್ರಾಂತದಲ್ಲಿ ಬಾಲ್ಯದಲ್ಲಿ ಪರೀಕ್ಷಿತರಾಗಿ, ಗೊತ್ತುಮಾಡಿದ ಅಂಕವನ್ನು ಮುಟ್ಟದೆ ಹೊರಗುಳಿದ ಇಬ್ಬರು ಬಾಲಕರು ಮುಂದೆ ಆ ಬಹುಮಾನವನ್ನು ಪಡೆದರು: 1956ರಲ್ಲಿ ಟ್ರಾನ್ಸಿಸ್ಟರಿನ ನಿರ್ಮಾಪಕರಲ್ಲೊಬ್ಬನಾದ ವಿಲಿಯಂ ಶಾಕ್ಲಿ, 1968ರಲ್ಲಿ ಭೌತವಿಜ್ಞಾನಿಯಾದ ಲೂಯಿಸ್ ಆಲ್ವರೆಜ್. ಇಬ್ಬರ ದೃಷ್ಟಾಂತದಿಂದ ಸಿದ್ಧಾಂತವನ್ನು ಕಟ್ಟಲಾಗದು. ನೊಬೆಲ್ ಬಹುಮಾನವು ಅತಿ ವಿರಳವಾದದ್ದು. 1500 ಮಂದಿಯಲ್ಲಿ ಒಬ್ಬರಿಗೂ ಬಾರದಿರುವುದು ಆಶ್ಚರ್ಯವೂ ಅಲ್ಲ. ಆದರೂ ಜರಡಿಯ ಕಣ್ಣುಗಳ ಮೂಲಕ ಏನೋ ಜಾರಿಹೋಗುತ್ತಿರುವುದೆಂಬ ಸಂದೇಹಕ್ಕೆ ಇಷ್ಟು ಸಾಕಾಯಿತು. ಬುದ್ಧಿಗೂ ಸಾಧನೆಗೂ ಇರುವ ಸಂಬಂಧವು ಪೂರ್ಣವಾದದ್ದಲ್ಲವೆಂದು ಟರ್ಮನ್ನನೇ 1947ರ ತನ್ನ ಸಂಪುಟದಲ್ಲಿ ಒಪ್ಪಿಕೊಂಡನು.

ಈ ಶಾಸ್ತ್ರವು ನಮ್ಮ ನಾಡಿಗೆ ಬಂದುದು ತಡವಾಗಿಯೇನೂ ಅಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಇಲಾಖೆಯು ಆರಂಭವಾಯಿತು. ಅದನ್ನು ನಡೆಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನನ ಶಿಷ್ಯರಾಗಿದ್ದವರು. ಬುದ್ಧಿಯ ಎಲ್ಲ ವ್ಯಾಪಾರಗಳಿಗೂ ಸಾಮಾನ್ಯವಾದ ಶಕ್ತಿಯೊಂದು ಆಧಾರವಾಗಿರುವುದೆಂದು 1904ರಲ್ಲಿ ಪ್ರತಿಪಾದಿಸಿದವನೇ ಈ ಸ್ಪಿಯರ್ಮನ್. 1930ರ ಸುಮಾರಿನಲ್ಲಿ ಸೃಷ್ಟಿಶೀಲವಾದ ಮನಸ್ಸನ್ನು ಕುರಿತು ಗ್ರಂಥವನ್ನು ಬರೆದು, ಹೊಸದರ ನಿರ್ಮಾಣವೂ ಸಂಬಂಧಗಳನ್ನು ಗ್ರಹಿಸುವ ಅದೇ ಬುದ್ಧಿವ್ಯಾಪಾರದ ಫಲವೆಂದು ವಾದಿಸಿದನು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರೇಷಕ ಯಂತ್ರವನ್ನಿಟ್ಟು ಆಕಾಶವಾಣಿಯೆಂಬ ಬಾನುಲಿಯನ್ನು ಪ್ರಾರಂಭಿಸಿದವರು ಇದೇ ಗೋಪಾಲಸ್ವಾಮಿಯವರು ಎಂಬುದನ್ನು ಶ್ರೋತೃಗಳು ಬಲ್ಲರು. ಮಕ್ಕಳ ಮನಸ್ಸನ್ನು ಅಳೆಯುವ ಶಾಸ್ತ್ರವೂ ಮನೆಮನೆಗೆ ಮಾತನ್ನು ಮುಟ್ಟಿಸುವ ಯಂತ್ರವೂ ಒಬ್ಬರ ಆಸಕ್ತಿಯಲ್ಲಿಯೇ ಒಂದುಗೂಡಿದುವು.

ಉತ್ತರದಲ್ಲಿ ಧಾರವಾಡದ ವಿ. ವಿ. ಕಾಮತರು ಬಿನೆಯ ಮಾನದಂಡವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, ಹಿಂದೂದೇಶದ ಮಕ್ಕಳ ಬುದ್ಧಿಮಾಪನವನ್ನು ಕುರಿತ ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು. ಮುಂಬಯಿ ಕರ್ನಾಟಕ ಪರಿಷ್ಕರಣವೆಂದು ಹೆಸರಾದ ಆ ಮಾನದಂಡವು ಹಲವು ದಶಕಗಳ ಕಾಲ ದೇಶದಲ್ಲಿ ಬಳಕೆಯಾಯಿತು. ಇಂತಹ ಕಾರ್ಯದ ಕಷ್ಟವನ್ನು ಸ್ವಲ್ಪ ಆಲೋಚಿಸಿದರೆ ಅದರ ಬೆಲೆಯು ತಿಳಿಯುವುದು. ಪ್ಯಾರಿಸ್ ನಗರದ ಮಗುವಿಗೆ ಸುಲಭವಾದ ಪ್ರಶ್ನೆಯು ಧಾರವಾಡದ ಮಗುವಿಗೆ ಸುಲಭವಾಗಿರಬೇಕಾಗಿಲ್ಲ. ನಾಣ್ಯ ಬೇರೆ, ಚಿತ್ರದಲ್ಲಿನ ಉಡುಪು ಬೇರೆ, ಭಾಷೆಯ ಪ್ರಾಸಗಳು ಬೇರೆ. ಪ್ರಶ್ನೆಯನ್ನು ಭಾಷಾಂತರಿಸಿದರೆ ಸಾಲದು. ಯಾವ ವಯಸ್ಸಿನ ಮಕ್ಕಳು ಅದಕ್ಕೆ ಉತ್ತರಿಸಬಲ್ಲರೆಂಬುದನ್ನು ಇಲ್ಲಿಯ ಮಕ್ಕಳನ್ನೇ ಕೇಳಿ ಗೊತ್ತುಪಡಿಸಬೇಕು.

ಇಷ್ಟಾದರೂ ಪ್ರತಿಭೆಯ ಪ್ರಶ್ನೆಯು ಹಾಗೆಯೇ ಉಳಿದಿದ್ದಿತು. 1950ರ ಸೆಪ್ಟೆಂಬರಿನಲ್ಲಿ ಅಮೆರಿಕಾದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷನಾದ ಜೆ. ಪಿ. ಗಿಲ್ಫರ್ಡ್ ತನ್ನ ಅಧ್ಯಕ್ಷಭಾಷಣದಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟನು. ಹಿಂದಿನ 23 ವರ್ಷಗಳಲ್ಲಿ ಆ ಶಾಸ್ತ್ರದ ಸಾರಸಂಗ್ರಹ ಪತ್ರಿಕೆಯಲ್ಲಿ ದಾಖಲಾದ ಸುಮಾರು 1,21,000 ಲೇಖನಗಳಲ್ಲಿ ಸೃಷ್ಟಿಶಕ್ತಿಯನ್ನು ಕುರಿತವು ಕೇವಲ 186. ಎಂದರೆ ಸಾವಿರಕ್ಕೆ ಎರಡೂ ಇಲ್ಲ. ಬುದ್ಧಿಪರೀಕ್ಷೆಗಳು ಒಂದೇ ಸರಿಯುತ್ತರದ ಕಡೆಗೆ ಸಾಗುವ ಏಕಮುಖ ಆಲೋಚನೆಯನ್ನು ಮಾತ್ರ ಅಳೆಯುವುವು, ಒಂದು ಬಿಂದುವಿನಿಂದ ಹೊರಟು ಹಲವು ದಿಕ್ಕುಗಳಿಗೆ ಹರಡುವ ಬಹುಮುಖ ಆಲೋಚನೆಯು ಅವುಗಳಿಗೆ ಗೋಚರವಾಗದು ಎಂಬುದು ಅವನ ಮತ. ಉತ್ತರಗಳು ಎಷ್ಟು, ಅವು ಎಷ್ಟು ಬಗೆಯವು, ಇತರರಿಗೆ ತೋರದಂತಹವು ಎಷ್ಟು ಎಂದು ಎಣಿಸುವ ಹೊಸ ಪರೀಕ್ಷೆಗಳು ಇದರಿಂದ ಹುಟ್ಟಿದುವು.

ಈ ಪರೀಕ್ಷೆಗಳನ್ನು ಪಾಠಶಾಲೆಗೆ ಒಯ್ದ ಪ್ರಯತ್ನಗಳಲ್ಲಿ ಎರಡು ಪ್ರಸಿದ್ಧವಾಗಿವೆ. ಗೆಟ್ಜೆಲ್ಸ್ ಮತ್ತು ಜಾಕ್ಸನ್ ಎಂಬ ಷಿಕಾಗೋ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಗ್ರಂಥವು ಮೊದಲನೆಯದು. ಸರಾಸರಿ ಬುದ್ಧಿಸೂಚಿಯು 132 ಆಗಿದ್ದ ಒಂದು ಪಾಠಶಾಲೆಯಲ್ಲಿ ಅವರು ಎರಡು ಗುಂಪುಗಳನ್ನು ಬೇರ್ಪಡಿಸಿದರು. ಬುದ್ಧಿಯಲ್ಲಿ ಅಗ್ರಗಣ್ಯರಾಗಿ ಪ್ರತಿಭೆಯಲ್ಲಿ ಹಾಗಿಲ್ಲದವರು ಒಂದು ಗುಂಪು. ಇವರ ಸರಾಸರಿ ಸೂಚಿ 150. ಪ್ರತಿಭೆಯಲ್ಲಿ ಅಗ್ರಗಣ್ಯರಾಗಿ ಬುದ್ಧಿಯಲ್ಲಿ ಹಾಗಿಲ್ಲದವರು ಇನ್ನೊಂದು ಗುಂಪು; ಇವರ ಸರಾಸರಿ ಸೂಚಿ 127. ಎರಡರ ನಡುವೆ 23 ಅಂಕಗಳ ಅಂತರವಿದ್ದರೂ ಪಾಠಗಳಲ್ಲಿ ಎರಡು ಗುಂಪುಗಳೂ ಸಮಾನವಾಗಿ ಗೆದ್ದುವು. ಆದರೆ ಉಪಾಧ್ಯಾಯರು ತಮಗೆ ಮೆಚ್ಚುಗೆಯಾದವರೆಂದು ತೋರಿಸಿದ್ದು ಹೆಚ್ಚು ಬುದ್ಧಿಸೂಚಿಯ ಗುಂಪನ್ನು. ಸಾಧನೆಯು ಸಮವಾಗಿದ್ದರೂ ಆದರವು ಸಮವಾಗಿರಲಿಲ್ಲ.

ಈ ಪರಿಶೋಧನೆಗೆ ಆಕ್ಷೇಪಣೆಗಳು ಬಂದುವು. ಎರಡರಲ್ಲಿಯೂ ಶ್ರೇಷ್ಠರಾದವರನ್ನು ಅವರು ಲೆಕ್ಕದಿಂದ ಬಿಟ್ಟಿದ್ದರು. ಇದಕ್ಕಿಂತ ಮುಖ್ಯವಾದ ಆಕ್ಷೇಪಣೆಯೆಂದರೆ, ಅವರ ಪ್ರತಿಭಾಪರೀಕ್ಷೆಗಳಿಗೆ ಬುದ್ಧಿಪರೀಕ್ಷೆಯೊಡನೆ ಇದ್ದ ಹೊಂದಿಕೆಯೂ ತಮ್ಮತಮ್ಮೊಳಗೆ ಇದ್ದ ಹೊಂದಿಕೆಯೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿದ್ದುವು. ಹಾಗಿರಲಾಗಿ ಅವನ್ನು ಬೇರೊಂದು ಶಕ್ತಿಯ ಗುರುತೆಂದು ಹೇಳುವುದೆಂತು? ಈ ಪ್ರಶ್ನೆಯನ್ನು ಎತ್ತಿದ ವಾಲಕ್ ಮತ್ತು ಕೋಗನ್ ಎಂಬವರು 1965ರಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಅವರ ಊಹೆಯು ಸರಳವಾದದ್ದು. ಪರೀಕ್ಷೆಯೆಂಬ ಭಯವೂ ಗಡಿಯಾರದ ಅವಸರವೂ ಇರುವಲ್ಲಿ ಮಗುವು ತನಗೆ ತೋರಿದ್ದನ್ನೆಲ್ಲ ಹೇಳುವುದಿಲ್ಲ. ಒಪ್ಪಿಗೆಯಾಗುವುದನ್ನು ಮಾತ್ರ ಹೇಳುತ್ತದೆ. ಆದಕಾರಣ ಅವರ ಸಹಾಯಕರು ಮೊದಲು ಎರಡು ವಾರ ತರಗತಿಯಲ್ಲಿದ್ದು, ಮಕ್ಕಳ ಆಟಗಳಲ್ಲಿ ಆಸಕ್ತರಾದ ಅತಿಥಿಗಳೆಂದು ಪರಿಚಿತರಾದರು. ಅನಂತರ ಐದನೆಯ ತರಗತಿಯ 151 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ದುಂಡಾದ ವಸ್ತುಗಳು ಯಾವುವು, ವೃತ್ತಪತ್ರಿಕೆಯನ್ನು ಎಷ್ಟು ಬಗೆಯಾಗಿ ಉಪಯೋಗಿಸಬಹುದು, ಈ ಗೆರೆಯು ನಿನಗೆ ಏನಾಗಿ ಕಾಣುತ್ತದೆ ಎಂದು ಆಟದ ರೀತಿಯಲ್ಲಿ ಕೇಳಿದರು. ಕಾಲದ ಮಿತಿಯಿರಲಿಲ್ಲ, ತಪ್ಪು ಸರಿ ಎಂಬ ಮಾತಿರಲಿಲ್ಲ.

ಫಲವು ಸ್ಪಷ್ಟವಾಗಿದ್ದಿತು. ಎರಡು ಅಳತೆಗಳು ಪೂರ್ಣವಾಗಿ ಒಟ್ಟಿಗೆ ಏರಿಳಿದರೆ ಅವುಗಳ ಸಹಸಂಬಂಧವನ್ನು ಒಂದೆಂದೂ, ಯಾವ ಹೊಂದಿಕೆಯೂ ಇಲ್ಲದಿದ್ದರೆ ಸೊನ್ನೆಯೆಂದೂ ಗಣಿತಜ್ಞರು ಎಣಿಸುವರು. ಪ್ರತಿಭೆಯ ಪರೀಕ್ಷೆಗಳು ತಮ್ಮತಮ್ಮೊಳಗೆ 0.4ರಷ್ಟೂ, ಬುದ್ಧಿಯ ಪರೀಕ್ಷೆಗಳು ತಮ್ಮತಮ್ಮೊಳಗೆ 0.5ರಷ್ಟೂ ಹೊಂದಿಕೊಂಡುವು. ಇವೆರಡರ ನಡುವಣ ಸಂಬಂಧವು ಸುಮಾರು 0.1 ಮಾತ್ರ. ಇದರಿಂದ ನಾಲ್ಕು ಬಗೆಯ ಮಕ್ಕಳು ಕಾಣಿಸಿಕೊಂಡರು. ಎರಡರಲ್ಲಿಯೂ ಶ್ರೇಷ್ಠರಾದವರು ಸಂಯಮವನ್ನೂ ಸ್ವಾತಂತ್ರ್ಯವನ್ನೂ ಬೇಕಾದಂತೆ ಬಳಸಬಲ್ಲವರಾಗಿದ್ದರು. ಬುದ್ಧಿಯಲ್ಲಿ ಮೇಲಾಗಿ ಪ್ರತಿಭೆಯಲ್ಲಿ ಕೆಳಗಿದ್ದವರು ಪಾಠಶಾಲೆಯ ಗೆಲುವಿಗೇ ದಾಸರಾಗಿ, ಸೋಲನ್ನು ಮಹಾವಿಪತ್ತೆಂದು ಎಣಿಸುತ್ತಿದ್ದರು. ಎರಡರಲ್ಲಿಯೂ ಕೆಳಗಿದ್ದವರು ದಿಗ್ಭ್ರಾಂತರಾಗಿದ್ದರೂ ಆಟಪಾಟಗಳಲ್ಲಿ ಹೇಗೋ ನೆಮ್ಮದಿಯನ್ನು ಕಂಡುಕೊಂಡಿದ್ದರು. ಪ್ರತಿಭೆಯಲ್ಲಿ ಮೇಲಾಗಿ ಬುದ್ಧಿಯಲ್ಲಿ ಕೆಳಗಿದ್ದವರ ಸ್ಥಿತಿಯೇ ಎಲ್ಲರಿಗಿಂತ ಶೋಚನೀಯವಾಗಿದ್ದಿತು. ಅವರು ತಮ್ಮೊಡನೆಯೂ ಪಾಠಶಾಲೆಯೊಡನೆಯೂ ಕಲಹದಲ್ಲಿದ್ದರು. ತಾವು ಯಾತಕ್ಕೂ ಬಾರದವರೆಂದು ನಂಬಿದ್ದರು. ಅಂಜಿಕೆಯಿಲ್ಲದ ಆ ಆಟದ ಹೊತ್ತಿನಲ್ಲಿ ಮಾತ್ರ ಅವರ ಶಕ್ತಿಯು ಅರಳಿತು. ಅಂಕಪಟ್ಟಿಯನ್ನು ಮಾತ್ರ ನೋಡುವ ಉಪಾಧ್ಯಾಯನಿಗೆ ಈ ಕೊನೆಯ ಎರಡು ಗುಂಪುಗಳು ಒಂದೇ ಆಗಿ ತೋರುವುವು.

ಸಂದರ್ಭದ ಪ್ರಭಾವವು ಎಷ್ಟು ದೊಡ್ಡದೆಂಬುದನ್ನು ಇಂಗ್ಲೆಂಡಿನ ಲಿಯಾಂ ಹಡ್ಸನ್ ಬೇರೊಂದು ರೀತಿಯಾಗಿ ತೋರಿಸಿದನು. ವಿಜ್ಞಾನವನ್ನು ಆರಿಸಿಕೊಳ್ಳುವ ಬಾಲಕರು ಏಕಮುಖ ಆಲೋಚನೆಯಲ್ಲಿಯೂ, ಸಾಹಿತ್ಯ ಚರಿತ್ರೆಗಳನ್ನು ಆರಿಸಿಕೊಳ್ಳುವವರು ಬಹುಮುಖ ಆಲೋಚನೆಯಲ್ಲಿಯೂ ಸಮರ್ಥರೆಂದು ಅವನು 1966ರಲ್ಲಿ ಬರೆದನು. ಆದರೆ ಎರಡು ವರ್ಷಗಳ ಮೇಲೆ ಪ್ರಕಟವಾದ ಇನ್ನೊಂದು ಗ್ರಂಥದಲ್ಲಿ, ಅದೇ ಬಾಲಕರಿಗೆ ನೀನು ಕಟ್ಟುಪಾಡಿಲ್ಲದ ಕಲಾವಿದನೆಂದು ಭಾವಿಸಿ ಉತ್ತರ ಕೊಡು ಎಂದು ಹೇಳಿದಾಗ, ಏಕಮುಖರೆನಿಸಿಕೊಂಡವರೂ ಧಾರಾಳವಾಗಿ ಉತ್ತರಗಳನ್ನು ಕೊಟ್ಟರೆಂದು ತಿಳಿಸಿದನು. ಶಕ್ತಿಯಿಲ್ಲದೆ ಅವರು ಮೌನವಾಗಿದ್ದವರಲ್ಲ. ಆ ಶಕ್ತಿಯನ್ನು ತೋರಿಸಲು ತಮಗೆ ಅಪ್ಪಣೆಯಿಲ್ಲವೆಂದು ತಿಳಿದಿದ್ದರು.

ಆಮೇಲಿನ ಪರಿಶೋಧನೆಗಳು ಬಹಳವಾಗಿವೆ. ಅಮೆರಿಕಾದ ಪಾಲ್ ಟಾರೆನ್ಸ್ 1966ರಲ್ಲಿ ತನ್ನ ಪರೀಕ್ಷೆಗಳನ್ನು ಪ್ರಕಟಿಸಿದನು. ನಾಲ್ಕನೆಯ ತರಗತಿಯ ಸುಮಾರಿಗೆ ಅನೇಕ ಮಕ್ಕಳ ಅಂಕಗಳು ಕುಸಿಯುವುದನ್ನು 1968ರಲ್ಲಿ ತೋರಿಸಿದನು. ನಮ್ಮ ದೇಶದಲ್ಲಿ ಬಾಕರ್ ಮೆಹದಿಯವರು 1973ರಲ್ಲಿ ಇಂತಹ ಪರೀಕ್ಷೆಗಳನ್ನು ರಚಿಸಿದರು. ಬುದ್ಧಿಸೂಚಿಯು 120ರವರೆಗೆ ಬುದ್ಧಿಯೂ ಪ್ರತಿಭೆಯೂ ಜೊತೆಯಾಗಿ ಬೆಳೆಯುವುವು, ಅದಕ್ಕೆ ಮೇಲೆ ಬೇರೆಯಾಗುವುವು ಎಂಬ ಹೊಸ್ತಿಲಿನ ವಾದವು ಬಹುಕಾಲ ಪ್ರಚಾರದಲ್ಲಿದ್ದಿತು. 2005ರಲ್ಲಿ ಕೆ. ಎಚ್. ಕಿಮ್ ಎಂಬ ವಿದುಷಿಯು 21 ಪರಿಶೋಧನೆಗಳಲ್ಲಿ ಪಾಲ್ಗೊಂಡ 45,880 ಮಂದಿಯ ಫಲಗಳನ್ನು ಒಟ್ಟುಗೂಡಿಸಿ, ಬುದ್ಧಿಸೂಚಿಗೂ ಪ್ರತಿಭಾಪರೀಕ್ಷೆಗೂ ಇರುವ ಸಂಬಂಧವು ಸರಾಸರಿ 0.174 ಎಂದು ಕಂಡರು. ಒಂದರಲ್ಲಿ ಕಾಣುವ ವ್ಯತ್ಯಾಸದ ನೂರರಲ್ಲಿ ಮೂರು ಪಾಲು ಮಾತ್ರ ಇನ್ನೊಂದರಿಂದ ವಿವರಿಸಲ್ಪಡುವುದೆಂದು ಇದರ ಅರ್ಥ. 120ರ ಹೊಸ್ತಿಲಿಗೂ ಅವರಿಗೆ ಆಧಾರ ದೊರೆಯಲಿಲ್ಲ. 2013ರಲ್ಲಿ ಆಸ್ಟ್ರಿಯಾ ದೇಶದ ವಿದ್ವಾಂಸರು ಬೇರೆ ಗಣಿತಕ್ರಮದಿಂದ ವಯಸ್ಕರನ್ನು ಪರಿಶೀಲಿಸಿ ಹೊಸ್ತಿಲು ಇರುವುದೆಂದೂ, ಆದರೆ ಪ್ರತಿಭೆಯನ್ನು ಅಳೆಯುವ ರೀತಿಯನ್ನು ಅನುಸರಿಸಿ ಅದರ ಸ್ಥಾನವು ಬದಲಾಗುವುದೆಂದೂ ತಿಳಿಸಿದರು. ವಿವಾದವು ಮುಗಿದಿಲ್ಲ.

ಇಷ್ಟರಿಂದ ನಾವು ಧೈರ್ಯವಾಗಿ ಹೇಳಬಹುದಾದದ್ದೇನು? ಬುದ್ಧಿಯೂ ಪ್ರತಿಭೆಯೂ ವೈರಿಗಳಲ್ಲ. ಒಂದಿದ್ದಲ್ಲಿ ಇನ್ನೊಂದು ಇರದೆಂಬ ಮಾತಿಗೆ ಆಧಾರವಿಲ್ಲ. ತರಗತಿಯಲ್ಲಿ ಮೊದಲನೆಯವನಾದವನು ಕಲ್ಪನಾಶೂನ್ಯನೆಂದು ತಿಳಿಯುವುದು ಅವನಿಗೆ ಮಾಡುವ ಅನ್ಯಾಯ. ಪಾಠದಲ್ಲಿ ಸೋತವರೆಲ್ಲರೂ ಗುಪ್ತ ಪ್ರತಿಭಾವಂತರೆಂದು ಕೊಂಡಾಡುವುದು ಕೇವಲ ಭಾವಾವೇಶ. ಆದರೆ ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಸಾಧ್ಯವಿಲ್ಲ. ವೃತ್ತಪತ್ರಿಕೆಗೆ ಇಪ್ಪತ್ತು ಉಪಯೋಗಗಳನ್ನು ಹೇಳಿದ ಮಗುವು ಮುಂದೆ ಕವಿಯೋ ವಿಜ್ಞಾನಿಯೋ ಆಗುವುದೆಂಬ ಭರವಸೆಯೂ ಇಲ್ಲ. ಆ ಪರೀಕ್ಷೆಯು ಪ್ರತಿಭೆಯ ಒಂದು ಕುರುಹನ್ನು ಮುಟ್ಟುವುದೇ ಹೊರತು ಪ್ರತಿಭೆಯನ್ನಲ್ಲ. ಹೊಸದನ್ನು ನಿರ್ಮಿಸಲು ಆ ವಿಷಯದ ಜ್ಞಾನವೂ ಹಲವು ವರ್ಷಗಳ ದುಡಿಮೆಯೂ ಬೇಕು. ಪ್ರತಿಭೆಯ ಜೊತೆಯಲ್ಲಿ ವ್ಯುತ್ಪತ್ತಿಯನ್ನೂ ಅಭ್ಯಾಸವನ್ನೂ ಹೇಳಿದ ನಮ್ಮ ಆಲಂಕಾರಿಕರು ಇದನ್ನು ಮರೆತಿರಲಿಲ್ಲ.

ಈ ತಿಳಿವಳಿಕೆಯಿಲ್ಲದೆ ನಡೆಸಿದ ಆಯ್ಕೆಯು ಎಂತಹ ಹಾನಿಯನ್ನು ತರಬಹುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ದೃಷ್ಟಾಂತವಿದೆ. ಕುಂಭಕೋಣದ ಪ್ರೌಢಶಾಲೆಯಲ್ಲಿ 1904ರಲ್ಲಿ ಗಣಿತದ ಬಹುಮಾನವನ್ನು ಪಡೆದು ವಿದ್ಯಾರ್ಥಿವೇತನದೊಡನೆ ಕಾಲೇಜನ್ನು ಸೇರಿದ ಶ್ರೀನಿವಾಸ ರಾಮಾನುಜನ್ನರು, ಗಣಿತದಲ್ಲಿ ಮುಳುಗಿ ಉಳಿದ ಪಾಠಗಳನ್ನು ಕಡೆಗಣಿಸಿದುದರಿಂದ ಆ ವೇತನವನ್ನು ಕಳೆದುಕೊಂಡರು. ಎಫ್. ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲೇ ಇಲ್ಲ. 1913ರಲ್ಲಿ ಅವರು ಬರೆದ ಕಾಗದವನ್ನು ಕೇಂಬ್ರಿಜಿನ ಹಾರ್ಡಿಯು ಶ್ರದ್ಧೆಯಿಂದ ಓದಿದುದರಿಂದ ಅವರ ಶಕ್ತಿಯು ಲೋಕಕ್ಕೆ ತಿಳಿಯಿತು. 1918ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ನಿಯಮವನ್ನು ಅನುಸರಿಸಿದ ಕಾಲೇಜನ್ನು ನಿಂದಿಸಿ ಫಲವಿಲ್ಲ. ಎಲ್ಲ ವಿಷಯಗಳಲ್ಲಿಯೂ ಸಮನಾದ ಅಂಕವನ್ನು ಬೇಡುವ ನಿಯಮಕ್ಕೆ ಅಂತಹವರನ್ನು ಕಾಣುವ ಕಣ್ಣೇ ಇರಲಿಲ್ಲ. ಅವರಿಗೆ ಹಾರ್ಡಿಯೊಬ್ಬನು ದೊರೆತನು. ಅಂತಹ ಓದುಗನು ದೊರೆಯದೆ ಮೊದಲ ಪರೀಕ್ಷೆಯಲ್ಲಿಯೇ ಹಿಂದಿರುಗಿದವರ ಹೆಸರನ್ನು ಯಾವ ಚರಿತ್ರೆಯೂ ಬರೆದಿಡುವುದಿಲ್ಲ.

ಪರೀಕ್ಷೆಗಳನ್ನು ತೆಗೆದುಹಾಕಬೇಕೆಂದು ಇದರ ಅಭಿಪ್ರಾಯವಲ್ಲ. ಶಿಫಾರಸಿಗೂ ಕುಲಕ್ಕೂ ಹಣಕ್ಕೂ ಬಗ್ಗದ ಅಳತೆಯಾಗಿ ಪರೀಕ್ಷೆಯು ಬಡವರ ಮಕ್ಕಳಿಗೆ ಮಾಡಿರುವ ಉಪಕಾರವು ದೊಡ್ಡದು. ಆದರೆ ಒಂದು ಅಳತೆಯನ್ನು ಮನುಷ್ಯನ ಪೂರ್ಣಮೌಲ್ಯವೆಂದು ಭಾವಿಸಲಾಗದು. ವಾಲಕ್ ಮತ್ತು ಕೋಗನ್ ಮಾಡಿದ ಕಾರ್ಯಕ್ಕೆ ಬೆಲೆಯುಳ್ಳ ಯಂತ್ರಗಳೇನೂ ಬೇಕಾಗಿರಲಿಲ್ಲ. ಪರಿಚಯವೂ ಬಿಡುವೂ ಬೇಕಾಗಿದ್ದುವು. ವಾರಕ್ಕೆ ಒಂದು ಗಂಟೆಯಾದರೂ ಅಂಕವಿಲ್ಲದ ಪ್ರಶ್ನೆಯನ್ನು ಕೇಳಿ, ಅವಸರವಿಲ್ಲದೆ ಉತ್ತರವನ್ನು ಕೇಳಿಸಿಕೊಳ್ಳುವುದು ಯಾವ ಹಳ್ಳಿಯ ಪಾಠಶಾಲೆಗೂ ಅಸಾಧ್ಯವಲ್ಲ. ಮನೆಯಲ್ಲಿ ತಂದೆತಾಯಿಗಳಿಗೆ ಅದು ಇನ್ನೂ ಸುಲಭ. ಬಿನೆಯು ತನ್ನ ಮಾನದಂಡವನ್ನು ನಿರ್ಮಿಸಿದುದು ಸಹಾಯ ಬೇಕಾದ ಮಗುವನ್ನು ಕಂಡುಹಿಡಿಯುವುದಕ್ಕಾಗಿ, ಮಗುವನ್ನು ಹೊರಗಿಡುವುದಕ್ಕಾಗಿ ಅಲ್ಲ. ನಮ್ಮ ಮಕ್ಕಳ ಕೈಗೆ ಅಂಕಪಟ್ಟಿಯನ್ನು ಕೊಡುವಾಗ ಹಿರಿಯರಾದ ನಾವು ಈ ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು.